ಗಾಲಿಕುರ್ಚಿಯ ದಾನ: ದೇಶ, ಕಾಲ, ಪಾತ್ರ

ಕೊಡುವುದು ಸುಲಭ, ಅರಿತು ಕೊಡುವುದು ಕಷ್ಟ. ಈ ಕಾರಣದಿಂದಲೇ ದಾನವನ್ನು ಕುರಿತು ವಿಚಾರಮಾಡಿದ ನಮ್ಮ ಪೂರ್ವಿಕರು ಕೊಡುವ ವಸ್ತುವಿನ ಬೆಲೆಗಿಂತಲೂ ದೇಶ, ಕಾಲ, ಪಾತ್ರ ಎಂಬ ಮೂರು ವಿಷಯಗಳಿಗೆ ಹೆಚ್ಚಿನ ಮಹತ್ತ್ವವನ್ನು ಕೊಟ್ಟರು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಸಾತ್ತ್ವಿಕ ದಾನದ ಲಕ್ಷಣವನ್ನು ಹೇಳುವಲ್ಲಿಯೂ ಈ ಮೂರನ್ನೇ ಎಣಿಸಲಾಗಿದೆ. ದೇಶವೆಂದರೆ ಪುಣ್ಯಕ್ಷೇತ್ರ, ಕಾಲವೆಂದರೆ ಪರ್ವದಿನ, ಪಾತ್ರವೆಂದರೆ ಯೋಗ್ಯನಾದ ಪ್ರತಿಗ್ರಾಹಿ ಎಂದು ಸಾಮಾನ್ಯವಾಗಿ ಅರ್ಥಮಾಡುತ್ತಾರೆ. ಆದರೆ ನಮ್ಮ ಕಾಲದ ದಾನವಸ್ತುಗಳು ಬೇರೆಯಾಗಿವೆ. ಅವುಗಳಲ್ಲೊಂದನ್ನು ಎದುರಿಗಿಟ್ಟುಕೊಂಡು ಈ ಮೂರು ಹಳೆಯ ಪದಗಳನ್ನು ಮತ್ತೊಮ್ಮೆ ಪರೀಕ್ಷಿಸಿದರೆ ದಾನಿಗಳಿಗೂ ಶಿಕ್ಷಕರಿಗೂ ಉಪಯೋಗವಾದೀತೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಆ ವಸ್ತುವೇ ಗಾಲಿಕುರ್ಚಿ.

ಇಂದು ಗಾಲಿಕುರ್ಚಿಯ ದಾನ ಜಗತ್ತಿನಾದ್ಯಂತ ನಡೆದಿದೆ. ಶ್ರೀಮಂತ ದೇಶಗಳ ಸೇವಾಸಕ್ತರು ತಂಡ ಕಟ್ಟಿಕೊಂಡು ಆಫ್ರಿಕ ಖಂಡದ ದೇಶಗಳಿಗೆ ಪ್ರವಾಸ ಹೋಗುವಾಗ ದಾನವಾಗಿ ಬಂದ ಗಾಲಿಕುರ್ಚಿಗಳನ್ನು ಜೊತೆಗೆ ಒಯ್ದು ಹಳ್ಳಿಹಳ್ಳಿಗಳಲ್ಲಿ ಹಂಚಿ ಬರುವುದುಂಟು. ನಮ್ಮಲ್ಲಿಯೂ ಜಿಲ್ಲಾಕೇಂದ್ರಗಳಲ್ಲಿ, ತಾಲ್ಲೂಕು ಸ್ಥಳಗಳಲ್ಲಿ ಶಿಬಿರಗಳನ್ನು ಏರ್ಪಡಿಸಿ ಗಾಲಿಕುರ್ಚಿ, ತ್ರಿಚಕ್ರ ವಾಹನ, ಊರುಗೋಲುಗಳನ್ನು ವಿತರಿಸುವುದು ಪರಿಚಿತವಾದ ಸಂಗತಿ. ಕೇಂದ್ರ ಸರ್ಕಾರವು ೧೯೮೧ರಿಂದ ಇದಕ್ಕಾಗಿಯೇ ಅಡಿಪ್ ಎಂಬ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ಇಂಥ ಸಾಧನಗಳನ್ನು ತಯಾರಿಸಲೆಂದು ಕಾನಪುರದಲ್ಲಿ ೧೯೭೨ರಲ್ಲಿ ಅಲಿಮ್ಕೋ ಎಂಬ ಸರ್ಕಾರಿ ಸಂಸ್ಥೆ ಸ್ಥಾಪಿತವಾಯಿತು. ಸರ್ಕಾರದ ಜೊತೆಗೆ ವರ್ತಕರು, ಸೇವಾಸಂಸ್ಥೆಗಳು, ಹಳೆಯ ವಿದ್ಯಾರ್ಥಿಗಳು ತಂತಮ್ಮ ಶಕ್ತ್ಯನುಸಾರ ಕೈಜೋಡಿಸುತ್ತಾರೆ. ಇವೆಲ್ಲವೂ ಸ್ತುತ್ಯವೇ. ಅವಶ್ಯಕತೆಯಾದರೂ ಅಲ್ಪವಲ್ಲ. ಗಾಲಿಕುರ್ಚಿ ಬೇಕಾದವರು ಜಗತ್ತಿನಲ್ಲಿ ಸುಮಾರು ೮ ಕೋಟಿ ಜನರಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರಲ್ಲಿ ಅಂದಾಜು ಮಾಡಿತು. ೨೦೧೧ರ ಜನಗಣತಿಯಂತೆ ಕರ್ನಾಟಕವೊಂದರಲ್ಲಿಯೇ ಎಲ್ಲ ಬಗೆಯ ಅಂಗವೈಕಲ್ಯವುಳ್ಳವರು ೧೩ ಲಕ್ಷಕ್ಕೂ ಹೆಚ್ಚು. ಪೋಲಿಯೋ ನಮ್ಮ ದೇಶವನ್ನು ಬಿಟ್ಟುಹೋಗಿದೆಯೆಂದು ೨೦೧೪ರಲ್ಲಿ ಪ್ರಮಾಣಪತ್ರ ದೊರೆತದ್ದು ಸಂತೋಷದ ವಿಷಯ. ಆದರೆ ಅದಕ್ಕೆ ಮುಂಚೆ ಆ ರೋಗಕ್ಕೆ ಗುರಿಯಾದವರು ನಮ್ಮ ನಡುವೆಯೇ ಬಾಳುತ್ತಿದ್ದಾರೆ. ಮರದಿಂದ ಬಿದ್ದು, ರಸ್ತೆಯ ಅಪಘಾತದಲ್ಲಿ ಸಿಕ್ಕು ಬೆನ್ನುಹುರಿ ಪೆಟ್ಟಾದವರ ಸಂಖ್ಯೆ ಬೇರೆ.

ಆದುದರಿಂದ ಕೊಡಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲ. ಕೊಟ್ಟದ್ದು ಮುಟ್ಟುತ್ತದೆಯೇ ಎಂಬುದು ಪ್ರಶ್ನೆ.

ಈ ವಿಷಯದಲ್ಲಿ ಒಂದು ನಿದರ್ಶನ ಗಮನಾರ್ಹವಾಗಿದೆ. ಡಾನ್ ಶೋಂಡಾರ್ಫರ್ ಎಂಬ ಅಮೆರಿಕದ ಎಂಜಿನಿಯರರು ೧೯೭೦ರ ದಶಕದ ಕೊನೆಯಲ್ಲಿ ಆಫ್ರಿಕದ ಮೊರಾಕೊ ದೇಶಕ್ಕೆ ಪ್ರವಾಸ ಹೋಗಿದ್ದಾಗ ಕಾಲಿಲ್ಲದ ಹೆಂಗಸೊಬ್ಬಳು ಕೈಯೂರಿ ನೆಲದ ಮೇಲೆ ತೆವಳುತ್ತ ರಸ್ತೆ ದಾಟುವುದನ್ನು ಕಂಡರು. ಆ ನೋಟ ಅವರ ಮನಸ್ಸಿನಿಂದ ಮಾಸಲಿಲ್ಲ. ಅನೇಕ ವರ್ಷಗಳ ಮೇಲೆ, ತೋಟದಲ್ಲಿ ಹಾಕುವ ಬಿಳಿಯ ಪ್ಲಾಸ್ಟಿಕ್ ಕುರ್ಚಿಗೆ ಸೈಕಲ್ಲಿನ ಗಾಲಿಗಳನ್ನು ಜೋಡಿಸಿ ಅತ್ಯಲ್ಪ ವೆಚ್ಚದ ಗಾಲಿಕುರ್ಚಿಯೊಂದನ್ನು ಅವರು ನಿರ್ಮಿಸಿದರು. ೨೦೦೧ರಲ್ಲಿ ಅಂಥ ನಾಲ್ಕು ಕುರ್ಚಿಗಳನ್ನು ಸ್ವತಃ ಹೊತ್ತು ತಂದು ಕೊಟ್ಟದ್ದು ನಮ್ಮ ಭಾರತದಲ್ಲಿಯೇ. ಅವರು ಸ್ಥಾಪಿಸಿದ ಸಂಸ್ಥೆ ಅಂದಿನಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಕುರ್ಚಿಗಳನ್ನು ಅನೇಕ ದೇಶಗಳಲ್ಲಿ ಹಂಚಿದೆ. ಒಬ್ಬ ಮನುಷ್ಯನ ಕರುಣೆ ಇಷ್ಟು ದೂರ ಹರಿಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಮೊದಲಿನ ಕುರ್ಚಿ ಎಲ್ಲರಿಗೂ ಒಂದೇ ಅಳತೆಯದಾಗಿತ್ತು. ಒಂದೇ ಅಳತೆ ಎಲ್ಲರಿಗೂ ಒಪ್ಪುವುದಿಲ್ಲವೆಂಬ ಆಕ್ಷೇಪ ಬಂದಿತು. ಮುಂದೆ ಅದೇ ಸಂಸ್ಥೆಯು ಬೇರೆ ಬೇರೆ ಅಳತೆಗಳ, ಹೊಂದಿಸಿಕೊಳ್ಳಬಹುದಾದ ಕುರ್ಚಿಗಳನ್ನು ಮಾಡತೊಡಗಿತು. ಕರುಣೆಯಿಂದ ತೊಡಗಿದ ದಾನವು ವಿವೇಕದ ಕಡೆಗೆ ಸಾಗಿದ ಬಗೆ ಇದು. ಈ ವಿವೇಕವನ್ನೇ ನಾವು ಪಾತ್ರ, ದೇಶ, ಕಾಲ ಎಂಬ ಮೂರು ಪದಗಳಲ್ಲಿ ವಿಂಗಡಿಸಿಕೊಳ್ಳಬಹುದು.

ಮೊದಲು ಪಾತ್ರವನ್ನು ನೋಡೋಣ. ಗಾಲಿಕುರ್ಚಿಯ ವಿಷಯದಲ್ಲಿ ಪಾತ್ರವೆಂದರೆ ಅದರಲ್ಲಿ ಕುಳಿತುಕೊಳ್ಳುವವನ ದೇಹ. ಅಂಗಿ ಹೊಲಿಯುವ ಸಿಂಪಿಗನು ಮೈಯ ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ತಾಸು ಕುಳಿತಿರಬೇಕಾದ ಕುರ್ಚಿಗೆ ಅಳತೆ ಬೇಡವೇ? ಸೊಂಟದ ಅಗಲ, ತೊಡೆಯ ಉದ್ದ, ಮೊಳಕಾಲಿನಿಂದ ಅಂಗಾಲಿನವರೆಗಿನ ಎತ್ತರ, ಬೆನ್ನಿಗೆ ಎಷ್ಟರವರೆಗೆ ಆಸರೆ ಬೇಕೆಂಬುದು, ಇವಿಷ್ಟನ್ನಾದರೂ ನೋಡಬೇಕು. ಕುರ್ಚಿ ಅಗಲವಾದರೆ ಮೈ ಒಂದು ಕಡೆಗೆ ವಾಲುತ್ತದೆ; ಬೆಳೆಯುವ ಮಗುವಾಗಿದ್ದರೆ ಬೆನ್ನೆಲುಬೇ ಡೊಂಕಾಗುವ ಸಂಭವವುಂಟು. ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನವಿರುವುದಿಲ್ಲ. ಗಟ್ಟಿಯಾದ ಆಸನದ ಮೇಲೆ ಒತ್ತಿ ಕುಳಿತಲ್ಲಿ ರಕ್ತಸಂಚಾರ ನಿಂತು ಚರ್ಮ ಕೆಡುತ್ತದೆ, ಹುಣ್ಣಾಗುತ್ತದೆ. ನೋವು ತಿಳಿಯದ ಕಾರಣ ಹುಣ್ಣು ಎಲುಬಿನವರೆಗೆ ಇಳಿದ ಮೇಲೆಯೇ ಮನೆಯವರಿಗೆ ಗೊತ್ತಾಗುವುದುಂಟು. ಈ ಒತ್ತುಹುಣ್ಣು ನಂಜೇರಿ ಪ್ರಾಣವನ್ನೇ ತೆಗೆಯಬಲ್ಲದು. ಇದಕ್ಕೆ ಪರಿಹಾರ ದುಬಾರಿಯಾದುದೇನಲ್ಲ. ತಕ್ಕ ಮೆತ್ತೆಯೊಂದನ್ನು ಆಸನಕ್ಕೆ ಹಾಕಬೇಕು. ಆಗಾಗ್ಗೆ ಮುಂದಕ್ಕೆ ಬಾಗಿ ಅಥವಾ ಕೈಯೂರಿ ಮೈಯೆತ್ತಿ ಭಾರವನ್ನು ಬಿಡಿಸುವುದನ್ನೂ, ದಿನಕ್ಕೊಮ್ಮೆ ಚರ್ಮವನ್ನು ನೋಡಿಕೊಳ್ಳುವುದನ್ನೂ ಕಲಿಸಿಕೊಡಬೇಕು. ಮೆತ್ತೆಯಿಲ್ಲದ ಕುರ್ಚಿಯನ್ನು ಕೊಟ್ಟು ಈ ಪಾಠವನ್ನು ಹೇಳದೆ ಕಳುಹಿಸುವುದು, ಔಷಧಿಯನ್ನು ಕೊಟ್ಟು ಪಥ್ಯವನ್ನು ಹೇಳದಂತೆ.

ಎರಡನೆಯದು ದೇಶ. ಆಸ್ಪತ್ರೆಯ ನುಣುಪಾದ ನೆಲದ ಮೇಲೆ ರೋಗಿಯನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಒಯ್ಯಲೆಂದು ಮಾಡಿದ ಕುರ್ಚಿ ನಮ್ಮ ಓಣಿಗಳಲ್ಲಿ ಏನು ಮಾಡೀತು? ಕೋಟುಮಚಗಿಯ ಸುತ್ತಲಿನದು ಎರೆಭೂಮಿ. ಬೇಸಗೆಯಲ್ಲಿ ಬಿರುಕುಬಿಡುತ್ತದೆ; ಮಳೆ ಬಿದ್ದರೆ ಕಾಲಿಗೂ ಗಾಲಿಗೂ ಹತ್ತಿದ ಮಣ್ಣು ಬಿಡುವುದಿಲ್ಲ. ಇಂಥ ನೆಲದಲ್ಲಿ ಅಂಗೈಯಗಲದ ಮುಂಗಾಲಿ ಹೂತುಹೋಗಿ ಕುರ್ಚಿ ಮುಗ್ಗರಿಸುತ್ತದೆ. ಮುಂಗಾಲಿ ದೊಡ್ಡದಾಗಿ, ಮುಂದಕ್ಕೆ ಚಾಚಿಕೊಂಡಿದ್ದರೆ ಆ ಭಯ ಕಡಮೆ. ಆಫ್ರಿಕದ ಮರಳುದಾರಿಗಳಲ್ಲಿಯೂ ಇದೇ ಕಥೆ. ಮನೆಗಳ ವಿಷಯ ಹೇಳುವುದಾದರೆ, ಓಣಿಯಿಂದ ಕಟ್ಟೆಗೆ, ಕಟ್ಟೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಎಷ್ಟು ಮೆಟ್ಟಿಲು, ಎಷ್ಟು ಹೊಸ್ತಿಲು! ಕುರ್ಚಿ ಬಾಗಿಲಿನಲ್ಲಿ ಹಿಡಿಸದಿದ್ದರೆ ಅದು ಕಟ್ಟೆಯ ಮೇಲೆಯೇ ನಿಲ್ಲುತ್ತದೆ. ಕೆಲದಿನಗಳಲ್ಲಿ ಅದರ ಮೇಲೆ ಜೋಳದ ಚೀಲವಿರುತ್ತದೆ. ಇದಕ್ಕೆ ಪ್ರತಿಗ್ರಾಹಿಯನ್ನು ದೂರುವುದು ನ್ಯಾಯವಲ್ಲ. ಕೊಟ್ಟವರು ಮನೆಯ ಬಾಗಿಲನ್ನು ನೋಡಿರಲಿಲ್ಲ.

ನೆಲವನ್ನು ನೋಡಿ ಮಾಡಿದ ಸಾಧನ ಎಷ್ಟು ಸಫಲವಾಗುತ್ತದೆಂಬುದಕ್ಕೆ ಜಯಪುರದ ಕೃತಕ ಕಾಲು ಉತ್ತಮ ದೃಷ್ಟಾಂತ. ೧೯೬೮ರಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲ ಶಿಲ್ಪಿಯೂ ವೈದ್ಯ ಪಿ. ಕೆ. ಸೇಠಿಯವರೂ ಕೂಡಿ ರೂಪಿಸಿದ ಆ ಕಾಲಿನಿಂದ ಬರಿಗಾಲಿನಲ್ಲಿ ಹೊಲದಲ್ಲಿ ನಡೆಯಬಹುದು, ಕುಕ್ಕುರುಗಾಲಿನಲ್ಲಿ ಕೂಡಬಹುದು, ಚಕ್ಕಳಬಕ್ಕಳ ಹಾಕಿ ಊಟಕ್ಕೆ ಕೂಡಬಹುದು. ವಿದೇಶಗಳಿಂದ ಬರುತ್ತಿದ್ದ ಬೂಟುಸಹಿತವಾದ ಕಾಲುಗಳಿಂದ ಇವೊಂದೂ ಸಾಧ್ಯವಿರಲಿಲ್ಲ. ೧೯೭೫ರಲ್ಲಿ ಡಿ. ಆರ್. ಮೆಹತಾ ಅವರು ಸ್ಥಾಪಿಸಿದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯು ಈ ಕಾಲನ್ನು ಆಫ್ರಿಕದ ಅನೇಕ ದೇಶಗಳಿಗೂ ಶಿಬಿರಗಳ ಮೂಲಕ ಒಯ್ದಿದೆ. ನಮ್ಮ ಸಮೀಪದ ಹುಬ್ಬಳ್ಳಿಯಲ್ಲಿಯೂ ಮಹಾವೀರ ಲಿಂಬ್ ಸೆಂಟರಿನವರು ಕೃತಕ ಕಾಲು ಜೋಡಿಸುವ ಸೇವೆಯನ್ನು ನಡೆಸಿಕೊಂಡು ಬಂದಿದ್ದಾರೆ. ಒಂದು ನೆಲಕ್ಕೆ ಒಪ್ಪಿದ್ದು ಅಂಥದೇ ಜೀವನಕ್ರಮವುಳ್ಳ ಮತ್ತೊಂದು ನೆಲಕ್ಕೂ ಒಪ್ಪಿತು.

ಮೂರನೆಯದು ಕಾಲ. ನನ್ನ ಅಭಿಪ್ರಾಯದಲ್ಲಿ ಮೂರರಲ್ಲಿ ಅತ್ಯಂತ ಮುಖ್ಯವಾದುದೂ ನಾವು ಅತ್ಯಂತ ಮರೆತಿರುವುದೂ ಇದೇ. ದಾನದ ಕಾಲವೆಂದರೆ ಶಿಬಿರದ ಆ ಒಂದು ದಿನವಷ್ಟೇ ಎಂದು ಭಾವಿಸಿದ್ದೇವೆ. ಕುರ್ಚಿಯ ಕಾಲ ಅಂದಿನಿಂದ ಪ್ರಾರಂಭವಾಗುತ್ತದೆ. ಟೈರು ಸವೆಯುತ್ತದೆ, ಟ್ಯೂಬು ಪಂಕ್ಚರ್ ಆಗುತ್ತದೆ, ಕಡ್ಡಿಗಳು ಮುರಿಯುತ್ತವೆ, ಮುಂಗಾಲಿಯ ಬೇರಿಂಗಿನಲ್ಲಿ ಮಣ್ಣು ಸೇರುತ್ತದೆ, ಬ್ರೇಕು ಸಡಿಲಾಗುತ್ತದೆ, ಆಸನದ ಬಟ್ಟೆ ಜೋತುಬೀಳುತ್ತದೆ. ಮಗು ಬೆಳೆದು ಕುರ್ಚಿ ಚಿಕ್ಕದಾಗುತ್ತದೆ. ದೂರದೇಶದಿಂದ ಬಂದ ಕುರ್ಚಿಯ ಟೈರಿನ ಅಳತೆ ಇಲ್ಲಿಯ ಅಂಗಡಿಗಳಲ್ಲಿ ದೊರೆಯದಿದ್ದರೆ ಹತ್ತು ರೂಪಾಯಿಯ ಬಿಡಿಭಾಗದ ಸಲುವಾಗಿ ಸಾವಿರಾರು ರೂಪಾಯಿಯ ಕುರ್ಚಿ ಮೂಲೆ ಸೇರುತ್ತದೆ.

ಈ ಮರ್ಮವನ್ನು ಚೆನ್ನಾಗಿ ಅರಿತವರು ಸ್ವತಃ ಗಾಲಿಕುರ್ಚಿಯಲ್ಲಿ ಬಾಳಿದವರೇ. ಅಮೆರಿಕದ ರಾಲ್ಫ್ ಹಾಚ್‌ಕಿಸ್ ಎಂಬುವರು ೧೯೬೬ರಲ್ಲಿ ಮೋಟಾರ್ ಸೈಕಲ್ ಅಪಘಾತದಿಂದ ಕಾಲಿನ ಶಕ್ತಿಯನ್ನು ಕಳೆದುಕೊಂಡರು. ೧೯೮೦ರಲ್ಲಿ ನಿಕರಾಗುವ ದೇಶಕ್ಕೆ ಹೋದ ಅವರು, ಅಲ್ಲಿನ ಗಾಲಿಕುರ್ಚಿ ಬಳಸುವವರೊಡನೆ ಕುಳಿತು, ಊರಿನ ಕಮ್ಮಟದಲ್ಲಿಯೇ ಮಾಡಬಹುದಾದ, ಸೈಕಲ್ ಅಂಗಡಿಯಲ್ಲಿಯೇ ದುರಸ್ತಿಯಾಗಬಲ್ಲ ಕುರ್ಚಿಯನ್ನು ರೂಪಿಸುವ ಕೆಲಸಕ್ಕೆ ತೊಡಗಿದರು. ಕೀನ್ಯಾ ದೇಶದಲ್ಲಿ ೧೯೫೮ರಲ್ಲಿ ಸ್ಥಾಪಿತವಾದ ಅಂಗವಿಕಲರ ಸಂಸ್ಥೆಯೊಂದು ತನ್ನದೇ ಕಾರ್ಯಾಗಾರದಲ್ಲಿ ಗಾಲಿಕುರ್ಚಿಗಳನ್ನು ತಯಾರಿಸುತ್ತ ಬಂದಿದೆ. ಮರುವರ್ಷ, ಎಂದರೆ ೧೯೫೯ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಸ್ವತಃ ಅಂಗವೈಕಲ್ಯವನ್ನು ಅನುಭವಿಸಿದ ಎನ್. ಎಸ್. ಹೇಮಾ ಅವರು ಎ.ಪಿ.ಡಿ. ಎಂದು ಪ್ರಸಿದ್ಧವಾದ ಸಂಸ್ಥೆಯನ್ನು ಕಟ್ಟಿದರು. ೧೯೯೪ರಲ್ಲಿ ಅದೇ ನಗರದಲ್ಲಿ ಮೊಬಿಲಿಟಿ ಇಂಡಿಯಾ ಪ್ರಾರಂಭವಾಯಿತು. ಪರದೇಶದ ಹಡಗು ಬರುವುದನ್ನು ಕಾಯದೆ ಊರಿನ ಕೈಗಳನ್ನೇ ತರಬೇತುಗೊಳಿಸುವ ದಾರಿ ಇದು. ಹೊರಗಿನಿಂದ ಉಚಿತವಾಗಿ ಬಂದಿಳಿಯುವ ಕುರ್ಚಿಗಳ ರಾಶಿಯ ಮುಂದೆ ಇಂಥ ಊರಿನ ಕಾರ್ಯಾಗಾರಗಳು ಸೊರಗುವ ಅಪಾಯವುಂಟೆಂಬುದನ್ನೂ ದಾನಿಗಳು ನೆನೆಯಬೇಕು. ಕಾರ್ಯಾಗಾರ ಮುಚ್ಚಿದರೆ ದುರಸ್ತಿಯೂ ಮುಚ್ಚಿತು.

ಮೇಲೆ ಹೇಳಿದ ವಿಷಯಗಳು ಪಂಡಿತನೊಬ್ಬನ ಊಹೆಗಳಲ್ಲ. ಬಡದೇಶಗಳಿಗೆ ಒಪ್ಪುವ ಗಾಲಿಕುರ್ಚಿ ಯಾವುದೆಂದು ನಿರ್ಣಯಿಸಲು ೨೦೦೬ರ ನವೆಂಬರ್ ತಿಂಗಳಿನಲ್ಲಿ ಅಂತಾರಾಷ್ಟ್ರೀಯ ತಜ್ಞರು ಸಮಾವೇಶಗೊಂಡದ್ದು ಕರ್ನಾಟಕದ ರಾಜಧಾನಿಯಾದ ಬೆಂಗಳೂರಿನಲ್ಲಿ. ಆ ವಿಚಾರಮಂಥನವನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ ೨೦೦೮ರಲ್ಲಿ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರಲ್ಲಿ ಗಾಲಿಕುರ್ಚಿಯ ಸೇವೆಯನ್ನು ಎಂಟು ಹೆಜ್ಜೆಗಳಾಗಿ ಹೇಳಿದೆ: ವ್ಯಕ್ತಿಯನ್ನು ಗುರುತಿಸಿ ಕರೆಸುವುದು, ಪರೀಕ್ಷಿಸುವುದು, ತಕ್ಕ ಕುರ್ಚಿಯನ್ನು ನಿಶ್ಚಯಿಸುವುದು, ಹಣ ಹೊಂದಿಸಿ ತರಿಸುವುದು, ಸಿದ್ಧಪಡಿಸುವುದು, ಮೈಗೆ ಹೊಂದಿಸುವುದು, ಬಳಕೆಯನ್ನು ಕಲಿಸುವುದು, ಕೊನೆಯದಾಗಿ ದುರಸ್ತಿ ಹಾಗೂ ಮುಂದಿನ ವಿಚಾರಣೆ. ಈ ಎಂಟರಲ್ಲಿ ದಾನಿಯ ಹಣ ಪ್ರವೇಶಿಸುವುದು ನಾಲ್ಕನೆಯದರಲ್ಲಿ ಮಾತ್ರ. ನಮ್ಮ ಸಮಾರಂಭಗಳಲ್ಲಿ ಆ ನಾಲ್ಕನೆಯದೇ ಮೊದಲೂ ಕೊನೆಯೂ ಆಗಿರುವುದು ವಿಷಾದದ ಸಂಗತಿ.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ಏನೂ ಇಲ್ಲದೆ ತೆವಳುವವನಿಗೆ ಎಂಥದೋ ಒಂದು ಕುರ್ಚಿ ಸಿಕ್ಕರೆ ಅಷ್ಟೇ ಲಾಭವಲ್ಲವೇ? ಅಳತೆ, ಮೆತ್ತೆ, ದುರಸ್ತಿ ಎಂದು ತಡಮಾಡಿದರೆ ಹತ್ತು ಜನಕ್ಕೆ ಮುಟ್ಟುವುದು ಐದು ಜನಕ್ಕೆ ಮುಟ್ಟುವುದಿಲ್ಲವೇ? ಈ ಮಾತಿನಲ್ಲಿ ಸತ್ಯಾಂಶವಿದೆ. ವೃದ್ಧರೊಬ್ಬರನ್ನು ಪಡಸಾಲೆಯಿಂದ ಅಂಗಳಕ್ಕೆ ತಂದು ಬಿಸಿಲಿಗೆ ಕೂಡಿಸಲು ಸಾಮಾನ್ಯವಾದ ಕುರ್ಚಿಯೇ ಸಾಕು. ಅದನ್ನು ಕೊಟ್ಟವರಿಗೆ ಪುಣ್ಯವುಂಟು. ಆದರೆ ದಿನವಿಡೀ ಅದರಲ್ಲಿಯೇ ಬಾಳಬೇಕಾದವರಿಗೆ, ಸ್ಪರ್ಶಜ್ಞಾನವಿಲ್ಲದವರಿಗೆ, ಬೆಳೆಯುವ ಮಕ್ಕಳಿಗೆ ಈ ತರ್ಕ ಸಲ್ಲದು. ಅವರಿಗೆ ಒಪ್ಪದ ಕುರ್ಚಿ ಲಾಭವನ್ನು ತಾರದೆ ಹೊಸದೊಂದು ರೋಗವನ್ನು ತರಬಹುದು. ಮೇಲಾಗಿ, ಹತ್ತು ಕುರ್ಚಿಗಳಲ್ಲಿ ವರ್ಷ ತುಂಬುವುದರೊಳಗೆ ಆರು ಮೂಲೆ ಸೇರುವುದಾದರೆ, ಜತನವಾಗಿ ಕೊಟ್ಟ ಐದೇ ಕುರ್ಚಿಗಳ ಲೆಕ್ಕ ದೊಡ್ಡದಾಗುತ್ತದೆ. ದಾನದ ಲೆಕ್ಕವನ್ನು ಹಂಚಿದ ದಿನ ಬರೆಯದೆ ವರ್ಷದ ಮೇಲೆ ಬರೆಯುವುದು ಒಳ್ಳೆಯ ರೂಢಿ.

ಹೀಗೆ ಕಾಲವನ್ನು ಮುಂದಿಟ್ಟುಕೊಂಡು ಕೊಡುವುದು ನಮ್ಮ ನಾಡಿಗೆ ಹೊಸದೇ? ಖಂಡಿತವಾಗಿಯೂ ಅಲ್ಲ. ಈ ಮಾತನ್ನು ಹೇಳಲು ಕೋಟುಮಚಗಿಯವರಿಗೆ ವಿಶೇಷವಾದ ಅಧಿಕಾರವಿದೆ. ಕಲ್ಯಾಣದ ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಆಳ್ವಿಕೆಯ, ಕ್ರಿ.ಶ. ೧೦೧೨ರ ಈ ಊರಿನ ಶಾಸನವು ವಿದ್ಯೆ ಕಲಿಸುವವರಿಗಾಗಿ ಭೂಮಿಯನ್ನು ಬಿಟ್ಟದ್ದನ್ನು ದಾಖಲಿಸಿದೆ. ಅಂದಿನ ದಾನಿಯು ಒಂದು ದಿನದ ಸಂಭಾವನೆಯನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ವರ್ಷವರ್ಷವೂ ಬೆಳೆಯುವ ನೆಲವನ್ನು ಕೊಟ್ಟನು. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದಪುಂಜ ಅಪರಿಚಿತವಲ್ಲ. ಮುರಿದದ್ದು, ಬಿರಿದದ್ದು, ಹಳೆಯದಾದದ್ದು, ಇವುಗಳನ್ನು ಸರಿಪಡಿಸುವುದು ಎಂದು ಅದರ ಅರ್ಥ. ದೇವಾಲಯವನ್ನು ಕಟ್ಟಿಸಿದವರು ಅದು ಒಂದು ದಿನ ಬಿರುಕುಬಿಡುವುದೆಂಬುದನ್ನು ಕಟ್ಟಿಸಿದ ದಿನವೇ ಒಪ್ಪಿಕೊಂಡು, ಅದರ ದುರಸ್ತಿಗೆಂದು ದತ್ತಿಯನ್ನು ಬಿಟ್ಟು, ಅದನ್ನು ಕಲ್ಲಿನಲ್ಲಿ ಬರೆಯಿಸಿದರು. ಕಲ್ಲಿನ ಕಟ್ಟಡಕ್ಕೆ ಈ ಮುಂದಾಲೋಚನೆ ಬೇಕಾದರೆ, ಕಬ್ಬಿಣದ ಕೊಳವೆ, ರಬ್ಬರಿನ ಗಾಲಿಗಳ ಕುರ್ಚಿಗೆ ಅದು ಎಷ್ಟು ಪಟ್ಟು ಬೇಕು!

ಇದಕ್ಕಾಗಿ ದಾನಿಗಳಲ್ಲಿ ನನ್ನ ವಿನಂತಿ ಇಷ್ಟು. ಗಾಲಿಕುರ್ಚಿಯನ್ನು ಕೊಡುವಾಗ ಅದರ ಬೆಲೆಯ ಐದನೆಯ ಒಂದು ಭಾಗವನ್ನಾದರೂ ಜೀರ್ಣೋದ್ಧಾರದ ದತ್ತಿಯೆಂದು ಬೇರೆಯಾಗಿ ಇಡಬೇಕು. ಆ ಹಣದಿಂದ ಊರಿನ ಸೈಕಲ್ ಅಂಗಡಿಯವರಿಗೆ ಟೈರು, ಟ್ಯೂಬು, ಬೇರಿಂಗುಗಳ ದಾಸ್ತಾನು ಒದಗಿಸಿ, ಗಾಲಿಕುರ್ಚಿಯ ದುರಸ್ತಿಯನ್ನು ಉಚಿತವಾಗಿ ಮಾಡಿಕೊಡುವಂತೆ ಒಪ್ಪಂದ ಮಾಡಿಕೊಳ್ಳಬಹುದು. ಇನ್ನು ಶಿಬಿರಗಳ ಕ್ರಮ. ಮೈಯಲ್ಲಿ ಶಕ್ತಿಯಿಲ್ಲದವರನ್ನು ಬೆಳಗಿನಿಂದ ಬಿಸಿಲಿನಲ್ಲಿ ಕಾಯಿಸಿ, ಭಾಷಣಗಳೆಲ್ಲ ಮುಗಿದ ಮೇಲೆ ವೇದಿಕೆಗೆ ಎತ್ತಿ ತಂದು, ಹಾರ ಹಾಕಿದ ಕುರ್ಚಿಯಲ್ಲಿ ಕೂಡಿಸಿ ಭಾವಚಿತ್ರ ತೆಗೆಯಿಸುವ ಪದ್ಧತಿಯನ್ನು ಬಿಡುವುದು ಲೇಸು. ಶರಣರು 'ದಾಸೋಹ' ಎಂಬ ಪದವನ್ನು ದಾನಕ್ಕಿಂತ ಮೇಲಿಟ್ಟದ್ದು ಕೊಡುವವನ ಅಹಂಕಾರ ಅಳಿಯಲೆಂದು. ಕುರ್ಚಿಯ ಬೆನ್ನಿನ ಮೇಲೆ ದಾನಿಯ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆಯಿಸಿದರೆ ಅದರಲ್ಲಿ ಕುಳಿತವನು ಆ ಋಣದ ಫಲಕವನ್ನು ಬಾಳಿನುದ್ದಕ್ಕೂ ಹೊತ್ತು ತಿರುಗಬೇಕಾಗುತ್ತದೆ.

ಶಿಕ್ಷಕರಿಗೆ ಹೇಳಬೇಕಾದ ಮಾತು ಬೇರೆ ಇದೆ. ನಡೆಯಲಾರದ ಮಗುವನ್ನು ತಾಯಿಯು ಎತ್ತಿಕೊಂಡು ಶಾಲೆಗೆ ತರುವುದು ಎಂಟು ಹತ್ತು ವಯಸ್ಸಿನವರೆಗೆ ಮಾತ್ರ. ಮಗು ಬೆಳೆದಂತೆ ತಾಯಿಯ ಬೆನ್ನು ಸೋಲುತ್ತದೆ. ಅಲ್ಲಿಗೆ ವಿದ್ಯೆ ನಿಲ್ಲುತ್ತದೆ. ಗಾಲಿಕುರ್ಚಿ ದೊರೆತರೂ ಶಾಲೆಯ ಬಾಗಿಲಿನಲ್ಲಿ ಮೂರು ಮೆಟ್ಟಿಲುಗಳಿದ್ದರೆ ಫಲವೇನು? ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಲೆಕ್ಕ. ಇದು ಒಬ್ಬ ಗೌಂಡಿಯ ಕೆಲವು ದಿನಗಳ ಕೆಲಸ. ಶೌಚಾಲಯದ ಬಾಗಿಲನ್ನು ಅಗಲಗೊಳಿಸುವುದೂ ಹಾಗೆಯೇ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಂಥ ಮಕ್ಕಳಿಗೆ ಉಳಿದ ಮಕ್ಕಳೊಡನೆ ಕೂಡಿ ಕಲಿಯುವ ಹಕ್ಕನ್ನು ಕೊಟ್ಟಿದೆ; ಶಾಲೆಯ ಕಟ್ಟಡವೂ ಅವರಿಗೆ ಪ್ರವೇಶಯೋಗ್ಯವಾಗಿರಬೇಕೆಂದು ವಿಧಿಸಿದೆ. ಕಾನೂನಿನ ಭಯದಿಂದ ಮಾಡುವುದಕ್ಕಿಂತ ವಿದ್ಯಾದಾನದ ಪರಂಪರೆಯ ಗೌರವದಿಂದ ಮಾಡುವುದು ಮಠದ ಶಾಲೆಗೆ ಭೂಷಣ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರೊಡನೆ ಕೂಡಿ, ಯಾವ ಮನೆಯಲ್ಲಿ ಯಾರಿಗೆ ಎಂಥ ಕುರ್ಚಿ ಬೇಕು, ಇದ್ದ ಕುರ್ಚಿಯ ಸ್ಥಿತಿ ಏನು ಎಂಬ ಪಟ್ಟಿಯನ್ನು ಶಿಕ್ಷಕರು ತಯಾರಿಸಬಲ್ಲರು. ವರ್ಷಕ್ಕೊಮ್ಮೆ ಶಾಲೆಯ ಅಂಗಳಕ್ಕೆ ಆ ಕುರ್ಚಿಗಳನ್ನೆಲ್ಲ ತರಿಸಿ, ಮೇಲಿನ ತರಗತಿಯ ವಿದ್ಯಾರ್ಥಿಗಳ ಕೈಯಿಂದಲೇ ಗಾಲಿ ಒರೆಯಿಸಿ, ಎಣ್ಣೆ ಹಾಕಿಸಿ, ತಿರುಪು ಬಿಗಿಸಿದರೆ ಮಕ್ಕಳಿಗೂ ಅದೊಂದು ವಿದ್ಯೆ.

ಅಂಗವೈಕಲ್ಯವನ್ನು ಕರುಣೆಯ ವಿಷಯವಾಗಿಯಷ್ಟೇ ಕಾಣಬಾರದೆಂಬುದನ್ನು ಗದುಗಿನ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣಿಲ್ಲದ ಬಾಲಕರನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕರೆತಂದು ಸಂಗೀತವಿದ್ಯೆಗೆ ಹಚ್ಚಿದ್ದರ ಫಲವಾಗಿ ಪಂಚಾಕ್ಷರ ಗವಾಯಿಗಳು ಈ ನಾಡಿಗೆ ದೊರೆತರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಪುಟ್ಟರಾಜ ಗವಾಯಿಗಳು ೨೦೧೦ರವರೆಗೂ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದರು. ಅಲ್ಲಿ ಅಂಧ ಬಾಲಕರಿಗೆ ದೊರೆತದ್ದು ಒಂದು ದಿನದ ಭಿಕ್ಷೆಯಲ್ಲ. ಅನ್ನ, ಆಶ್ರಯ, ವರ್ಷಗಟ್ಟಲೆಯ ಅಭ್ಯಾಸ, ಕೊನೆಗೆ ಸಭೆಯಲ್ಲಿ ತಲೆಯೆತ್ತಿ ಕುಳಿತುಕೊಳ್ಳುವ ಯೋಗ್ಯತೆ. ಕೊಟ್ಟ ಕೈಯನ್ನು ಹಿಂದೆಗೆದುಕೊಳ್ಳದೆ ಜೊತೆಗೆ ನಡೆದದ್ದರಿಂದಲೇ ಅದು ಸಾಧ್ಯವಾಯಿತು. ಕಣ್ಣಿಲ್ಲದವರಿಗೆ ನಮ್ಮ ಸೀಮೆ ಮಾಡಿದ ಈ ಸೇವೆಯನ್ನು ಕಾಲಿಲ್ಲದವರಿಗೂ ಮಾಡಲಾರೆವೇ?

ಈ ಸಂಪುಟವನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ದೂರದ ನಗರಗಳಲ್ಲಿ, ಪರದೇಶಗಳಲ್ಲಿ ನೆಲಸಿದವರೂ ಇದ್ದಾರೆ. ಊರಿಗೆ ಏನಾದರೂ ಮಾಡಬೇಕೆಂಬ ಅವರ ಹಂಬಲ ದೊಡ್ಡದು. ಅವರು ಕಳುಹಿಸುವ ಕುರ್ಚಿಗಳನ್ನು ಸ್ವಾಗತಿಸೋಣ. ಅದಕ್ಕೆ ಮೊದಲು, ಈಗಾಗಲೇ ಊರಿನ ಮನೆಗಳಲ್ಲಿ ಕೆಟ್ಟು ನಿಂತಿರುವ ಕುರ್ಚಿಗಳನ್ನು ಹುಡುಕಿ ಉರುಳುವಂತೆ ಮಾಡೋಣ. ಅದಕ್ಕೆ ತಗಲುವ ಹಣ ಸ್ವಲ್ಪ. ಬೇಕಾದ ಗಮನ ಬಹಳ. ಆ ಗಮನವನ್ನು ನೀಡುವ ಶಕ್ತಿ ನಮ್ಮ ದಾನಿಗಳಿಗೂ ಶಿಕ್ಷಕರಿಗೂ ಉಂಟೆಂಬ ವಿಶ್ವಾಸದಿಂದ, ಬರುವ ವರ್ಷದ ಸಂಪುಟದಲ್ಲಿ ಕೊಟ್ಟ ಕುರ್ಚಿಗಳ ಸಂಖ್ಯೆಯ ಜೊತೆಗೆ ದುರಸ್ತಿಯಾದ ಕುರ್ಚಿಗಳ ಸಂಖ್ಯೆಯೂ ಅಚ್ಚಾಗಲೆಂದು ಹಾರೈಸುತ್ತೇನೆ.